ಟ್ರ್ಯಾಕ್ಟರಿಗೂ ಸಲಕರಣೆಗೂ ಗಂಟು ಹಾಕಿದ ಹ್ಯಾರಿ ಫರ್ಗ್ಯುಸನ್

ಎತ್ತಿನ ಜೋಡಿ ಕಟ್ಟುವಾಗ ನೀವು ಏನೆಲ್ಲ ನೋಡುತ್ತೀರಿ! ಎರಡರ ಎತ್ತರ ಸಮವೇ, ನಡಿಗೆ ಕೂಡುತ್ತದೆಯೇ, ಹಲ್ಲು ಎಷ್ಟಾಗಿವೆ, ಒಂದು ಚುರುಕಾಗಿ ಇನ್ನೊಂದು ಸೋಮಾರಿ ಅಲ್ಲ ತಾನೇ ಎಂದು ಜಾತ್ರೆಯ ದನಗಳ ಸಾಲಿನಲ್ಲಿ ಅರ್ಧ ದಿನ ಕಳೆಯುತ್ತೀರಿ. ಆದರೆ ಮನೆಯ ಹಳೆಯ ಸಣ್ಣ ಟ್ರ್ಯಾಕ್ಟರಿಗೆ ಹುಲ್ಲು ಕೊಯ್ಯುವ ಯಂತ್ರ ಕೊಳ್ಳುವಾಗ ಬೆಲೆ ಒಂದನ್ನೇ ಕೇಳಿ ಹಣ ಎಣಿಸಿಬಿಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಜೋಡಿ ಕೂಡದ ಎತ್ತು ಸಾಲು ಕೆಡಿಸುತ್ತದೆ. ಜೋಡಿ ಕೂಡದ ಯಂತ್ರ ಪ್ರಾಣವನ್ನೇ ತೆಗೆದೀತು.

ನಿಮ್ಮೂರಿನ ಯಾವುದಾದರೂ ಟ್ರ್ಯಾಕ್ಟರಿನ ಹಿಂಬದಿಗೆ ಹೋಗಿ ನಿಂತು ನೋಡಿ. ಕೆಳಗೆ ಎಡಕ್ಕೊಂದು ಬಲಕ್ಕೊಂದು ತೋಳು, ನಡುವೆ ಮೇಲ್ಗಡೆ ಒಂದು ಕೊಂಡಿ. ನೇಗಿಲಾಗಲಿ, ಕಲ್ಟಿವೇಟರ್ ಆಗಲಿ, ಹುಲ್ಲು ಕೊಯ್ಯುವ ಮೋವರ್ ಆಗಲಿ, ಈ ಮೂರು ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ಟ್ರ್ಯಾಕ್ಟರಿನ ಕಂಪನಿ ಬೇರೆ, ಬಣ್ಣ ಬೇರೆ, ಆದರೆ ಈ ಮೂರು ಕೊಂಡಿಗಳ ಏರ್ಪಾಡು ಒಂದೇ. ಇದನ್ನು ಬಳಕೆಗೆ ತಂದಾತ ಐರ್ಲೆಂಡಿನ ಒಬ್ಬ ರೈತನ ಮಗ, ಹ್ಯಾರಿ ಫರ್ಗ್ಯುಸನ್. ಆತನ ಬಾಳಿನ ಕತೆ ತಿಳಿದರೆ ನಿಮ್ಮ ಹಳೆಯ ಟ್ರ್ಯಾಕ್ಟರಿಗೆ ಎಂಥ ಮೋವರ್ ಒಗ್ಗುತ್ತದೆ ಎಂಬ ಲೆಕ್ಕವೂ ತಿಳಿಯುತ್ತದೆ.

ಹೊಲ ಒಲ್ಲದ ಹುಡುಗ

ಹ್ಯಾರಿ ಹುಟ್ಟಿದ್ದು 1884ರ ನವೆಂಬರ್ 4ರಂದು, ಐರ್ಲೆಂಡಿನ ಉತ್ತರ ಭಾಗದ ಡೌನ್ ಕೌಂಟಿಯಲ್ಲಿ, ಡ್ರೊಮೋರ್ ಊರಿನ ಹತ್ತಿರದ ಗ್ರೋವೆಲ್ ಎಂಬಲ್ಲಿ. ಹನ್ನೊಂದು ಮಕ್ಕಳಲ್ಲಿ ಈತ ನಾಲ್ಕನೆಯವ. ತಂದೆ ಬಲು ಶಿಸ್ತಿನ, ದೈವಭಕ್ತ ಬೇಸಾಯಗಾರ. 14ನೇ ವಯಸ್ಸಿನ ಹೊತ್ತಿಗೆ ಹುಡುಗ ಶಾಲೆ ಬಿಟ್ಟು ಹೊಲಕ್ಕೆ ಇಳಿಯಬೇಕಾಯಿತು.

ಐರ್ಲೆಂಡ್ ಎಂದರೆ ನಮ್ಮ ಮಲೆನಾಡಿನ ಹಾಗೆ ಮಳೆಯ ಸೀಮೆ. ಬೇಸಿಗೆಯಲ್ಲಿ ಸಿಗುವ ನಾಲ್ಕು ಬಿಸಿಲಿನ ದಿನಗಳಲ್ಲೇ ಹುಲ್ಲು ಕೊಯ್ದು, ಒಣಗಿಸಿ, ಬಣವೆ ಒಟ್ಟಬೇಕು. ತಪ್ಪಿದರೆ ಚಳಿಗಾಲದಲ್ಲಿ ದನ ಕುದುರೆಗಳಿಗೆ ಮೇವಿಲ್ಲ. ಆಗ ಹುಲ್ಲು ಕೊಯ್ಯಲು ಕುದುರೆ ಎಳೆಯುವ ಯಂತ್ರಗಳಿದ್ದವು. ಗಾಡಿಯ ಚಕ್ರ ಉರುಳಿದಂತೆ ಹಲ್ಲುಚಕ್ರಗಳು ತಿರುಗಿ, ಪಕ್ಕಕ್ಕೆ ಚಾಚಿದ ಅಲಗುಪಟ್ಟಿ ಹಿಂದೆ ಮುಂದೆ ಆಡುತ್ತಾ ಹುಲ್ಲು ಕತ್ತರಿಸುತ್ತಿತ್ತು. ಈ ದುಡಿಮೆ ಹ್ಯಾರಿಗೆ ಹಿಡಿಸಲಿಲ್ಲ. ಕುದುರೆಯ ಹಿಂದೆ ನಡೆಯುವುದಕ್ಕಿಂತ ಕೈಯಲ್ಲಿ ಸ್ಪ್ಯಾನರ್ ಹಿಡಿಯುವುದೇ ಆತನಿಗೆ ಇಷ್ಟ.

1902ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಅಣ್ಣ ಜೋ ನಡೆಸುತ್ತಿದ್ದ ಸೈಕಲ್ ಮತ್ತು ಕಾರು ರಿಪೇರಿ ಅಂಗಡಿ ಸೇರಿದ. ಅಲ್ಲಿ ಮೋಟಾರು ಬಿಚ್ಚಿ ಜೋಡಿಸುವುದರಲ್ಲಿ ಪಳಗಿದ. ಅಷ್ಟಕ್ಕೇ ನಿಲ್ಲದೆ ಸ್ವಂತವಾಗಿ ಒಂದು ವಿಮಾನ ಕಟ್ಟಿದ. 1909ರ ಡಿಸೆಂಬರ್ 31ರಂದು ಹಿಲ್ಸ್‌ಬರೋ ಎಂಬಲ್ಲಿ ಸುಮಾರು 130 ಗಜ ದೂರ ಹಾರಿ ತೋರಿಸಿದ. ಐರ್ಲೆಂಡಿನ ನೆಲದಲ್ಲಿ ವಿಮಾನ ಹಾರಿಸಿದವರಲ್ಲಿ ಆತನೇ ಮೊದಲಿಗ. ಹಾರುವ ಯಂತ್ರದಲ್ಲಿ ಒಂದೊಂದು ಸೇರು ತೂಕಕ್ಕೂ ಲೆಕ್ಕ ಇಡಬೇಕು. ತೂಕ ಎಲ್ಲಿ ಬೀಳುತ್ತದೆ ಎಂಬುದನ್ನು ತೂಕ ಎಷ್ಟು ಎಂಬುದಕ್ಕಿಂತ ಹೆಚ್ಚು ನೋಡಬೇಕು. ಮುಂದೆ ಟ್ರ್ಯಾಕ್ಟರಿನ ಕೆಲಸಕ್ಕೆ ಕೈ ಹಾಕಿದಾಗ ಈ ತಿಳಿವಳಿಕೆಯೇ ಆತನಿಗೆ ದಾರಿ ತೋರಿತು.

1911ರಲ್ಲಿ ಬೆಲ್‌ಫಾಸ್ಟಿನಲ್ಲೇ ತನ್ನದೇ ಮೋಟಾರು ವ್ಯಾಪಾರ ತೆರೆದ. ವಿಲಿಯಂ ಸ್ಯಾಂಡ್ಸ್ ಎಂಬ ಮೆಕ್ಯಾನಿಕ್ ಜೊತೆಗೂಡಿದ. ಯೋಚನೆ ಫರ್ಗ್ಯುಸನ್‌ನದಾದರೆ ಅದನ್ನು ಕಬ್ಬಿಣದಲ್ಲಿ ಮೂಡಿಸುತ್ತಿದ್ದ ಕೈ ಹೆಚ್ಚಾಗಿ ಸ್ಯಾಂಡ್ಸ್‌ನದು. ಇದನ್ನು ಮರೆಯಬಾರದು.

ಮೊಗಚಿ ಬೀಳುತ್ತಿದ್ದ ಟ್ರ್ಯಾಕ್ಟರ್

ಮೊದಲ ಮಹಾಯುದ್ಧ ಬಂತು. ಆಳುಗಳೂ ಕುದುರೆಗಳೂ ಯುದ್ಧಕ್ಕೆ ಹೋದವು. ದವಸ ತರುವ ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಮುಳುಗಿಸತೊಡಗಿದವು. ಹೆಚ್ಚು ನೆಲ ಉಳಲೇಬೇಕೆಂದು ಸರ್ಕಾರ ಟ್ರ್ಯಾಕ್ಟರುಗಳನ್ನು ತರಿಸಿತು. 1917ರಲ್ಲಿ ಐರ್ಲೆಂಡಿನ ಕೃಷಿ ಇಲಾಖೆ ಆ ಟ್ರ್ಯಾಕ್ಟರುಗಳನ್ನು ಸರಿಯಾಗಿ ನಡೆಸುವ ಹೊಣೆಯನ್ನು ಫರ್ಗ್ಯುಸನ್‌ನಿಗೆ ಒಪ್ಪಿಸಿತು. ಆತನೂ ಸ್ಯಾಂಡ್ಸ್‌ನೂ ಊರೂರು ತಿರುಗಿದರು.

ಅವರು ಕಂಡದ್ದೇನು? ಟ್ರ್ಯಾಕ್ಟರ್ ಒಂದು ಕಡೆ, ನೇಗಿಲು ಒಂದು ಕಡೆ. ಎರಡನ್ನೂ ಬರೀ ಒಂದು ಕೊಕ್ಕೆಯಿಂದ ಸಿಕ್ಕಿಸಿ ಗಾಡಿಯ ಹಾಗೆ ಎಳೆಯುತ್ತಿದ್ದರು. ಹಾಗೆ ಎಳೆಯುವಾಗ ಹಿಂದಿನ ಚಕ್ರ ಜಾರದಿರಲೆಂದು ಟ್ರ್ಯಾಕ್ಟರನ್ನು ಭಾರೀ ತೂಕದಿಂದ ಮಾಡುತ್ತಿದ್ದರು. ಆ ತೂಕ ಹೊಲದ ಮಣ್ಣನ್ನು ಗಟ್ಟಿಯಾಗಿ ಒತ್ತಿಬಿಡುತ್ತಿತ್ತು. ಹುಲ್ಲು ಕೊಯ್ಲಿನ ಕತೆಯೂ ಅಷ್ಟೇ. ಕುದುರೆಯ ಮೋವರಿನ ಮೂಕಿಮರವನ್ನು ಮೊಟಕು ಮಾಡಿ ಟ್ರ್ಯಾಕ್ಟರಿಗೆ ಕಟ್ಟುವುದು ಆ ಕಾಲದ ರೈತರಲ್ಲಿ ರೂಢಿಯಾಯಿತು. ಕುದುರೆಯ ನಡಿಗೆಗೆ ಹೊಂದಿಸಿದ ಅಲಗು, ಟ್ರ್ಯಾಕ್ಟರಿನ ಓಟಕ್ಕೆ ಮಿತಿಮೀರಿ ಬಡಿದು ಮುರಿಯುತ್ತಿತ್ತು. ಅಲಗುಪಟ್ಟಿಯನ್ನು ಎತ್ತಿ ಇಳಿಸಲು ಹಿಂದಿನ ಪೀಠದ ಮೇಲೆ ಇನ್ನೊಬ್ಬ ಆಳು ಬೇರೆ ಬೇಕಿತ್ತು.

ಎಲ್ಲಕ್ಕಿಂತ ಘೋರವಾದ ಸಂಗತಿ ಇನ್ನೊಂದು. ಅದೇ 1917ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಹೊರತಂದ ಫೋರ್ಡ್‌ಸನ್ ಟ್ರ್ಯಾಕ್ಟರ್ ಹಗುರವಾಗಿತ್ತು, ಅಗ್ಗವಾಗಿತ್ತು. ಆದರೆ ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿ ಗಕ್ಕನೆ ನಿಂತರೆ ಎಂಜಿನ್ನಿನ ಬಲಕ್ಕೆ ಮುಂದಿನ ಚಕ್ರಗಳು ಮೇಲೇಳುತ್ತಿದ್ದವು. ಮರುಗಳಿಗೆಯಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಮೊಗಚಿ ಚಾಲಕನ ಮೇಲೆ ಬೀಳುತ್ತಿತ್ತು. ಹೀಗೆ ಸತ್ತ ರೈತರು ಎಷ್ಟೋ ಮಂದಿ.

ಮೂರು ಕೊಂಡಿಯ ಗುಟ್ಟು

ಫರ್ಗ್ಯುಸನ್ ಹಿಡಿದ ಹಟ ಒಂದೇ. ಟ್ರ್ಯಾಕ್ಟರೂ ಸಲಕರಣೆಯೂ ಬೇರೆಬೇರೆ ಇರಕೂಡದು, ಎರಡೂ ಸೇರಿ ಒಂದೇ ಮೈ ಆಗಬೇಕು. ಮೊದಲು, ಫೋರ್ಡ್ ಕಾರನ್ನು ಟ್ರ್ಯಾಕ್ಟರ್ ಮಾಡುವ ಕಿಟ್ಟಿಗೆ ಹೊಂದುವಂತೆ, ಚಕ್ರವಿಲ್ಲದ ಹಗುರ ನೇಗಿಲನ್ನು 1917ರಲ್ಲಿ ತಯಾರಿಸಿದ. ಬಳಿಕ ಫೋರ್ಡ್‌ಸನ್‌ಗೆ ಹೊಂದುವ ನೇಗಿಲು ಮಾಡಿದ. 1920ರ ದಶಕದ ನಡುವಿಗೆ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಏರ್ಪಾಡಿಗೆ ಪೇಟೆಂಟ್ ಪಡೆದ. ವರ್ಷಗಟ್ಟಲೆ ತಿದ್ದಿ, ಸೋತು, ಮತ್ತೆ ತಿದ್ದಿ 1933ರಲ್ಲಿ ತನ್ನದೇ ಮಾದರಿ ಟ್ರ್ಯಾಕ್ಟರನ್ನು ಕಟ್ಟಿದ. ಕಪ್ಪು ಬಣ್ಣದ ಆ ಟ್ರ್ಯಾಕ್ಟರನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ.

ಇದರ ಗುಟ್ಟು ಹೀಗಿದೆ. ಉಳುವಾಗ ನೇಗಿಲು ಕೆಳಗಿನ ಎರಡು ತೋಳುಗಳನ್ನು ಹಿಂದಕ್ಕೆ ಎಳೆಯುತ್ತದೆ. ಅದೇ ಹೊತ್ತಿನಲ್ಲಿ ನೇಗಿಲಿನ ತಲೆ ಮುಂದಕ್ಕೆ ವಾಲಲು ನೋಡಿ ಮೇಲಿನ ಕೊಂಡಿಯನ್ನು ಟ್ರ್ಯಾಕ್ಟರಿನ ಕಡೆಗೆ ಒತ್ತುತ್ತದೆ. ಈ ಒತ್ತು ಮುಂದಿನ ಚಕ್ರ ಮೇಲೇಳದಂತೆ ಹಿಡಿಯುತ್ತದೆ. ನೇಗಿಲಿನ ಭಾರವೂ ಮಣ್ಣಿನ ಭಾರವೂ ಹಿಂದಿನ ಚಕ್ರಕ್ಕೆ ಬಿದ್ದು, ಚಕ್ರ ನೆಲ ಕಚ್ಚುತ್ತದೆ. ನೆಲ ಗಟ್ಟಿಯಾದರೆ ಮೇಲಿನ ಕೊಂಡಿಯ ಹಿಂದಿರುವ ಸ್ಪ್ರಿಂಗ್ ಅದುಮಿಕೊಂಡು ಎಣ್ಣೆಯ ಕವಾಟ ತೆರೆದು, ನೇಗಿಲು ತಾನಾಗಿ ತುಸು ಮೇಲೆ ಬರುತ್ತದೆ. ಹೀಗಾಗಿ ಭಾರೀ ತೂಕದ ಟ್ರ್ಯಾಕ್ಟರ್ ಬೇಕಿಲ್ಲ. ಸರಿಯಾಗಿ ಜೋಡಿಸಿದರೆ ಸಣ್ಣದೇ ಸಾಕು.

1936ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರೌನ್ ಎಂಬ ಉದ್ಯಮಿಯ ಜೊತೆಗೂಡಿ ಇಂಥ ಟ್ರ್ಯಾಕ್ಟರುಗಳನ್ನು ಮಾರಾಟಕ್ಕೆ ಬಿಟ್ಟ. ಸುಮಾರು 1,350 ಮಾತ್ರ ತಯಾರಾದವು. ರೈತರ ಹಿಂಜರಿಕೆಗೂ ಕಾರಣವಿತ್ತು. ಇದನ್ನು ಕೊಂಡರೆ ಮನೆಯಲ್ಲಿದ್ದ ಎಳೆಯುವ ಸಲಕರಣೆಗಳನ್ನು ಮೂಲೆಗೆಸೆದು ಹೊಸದಾಗಿ ಎಲ್ಲವನ್ನೂ ಕೊಳ್ಳಬೇಕಾಗಿತ್ತು. ಕೈಯಲ್ಲಿರುವ ಯಂತ್ರಕ್ಕೂ ಕೊಳ್ಳುವ ಯಂತ್ರಕ್ಕೂ ಜೋಡಿ ಕೂಡಿಸುವ ಚಿಂತೆ ಅಂದೂ ರೈತನ ತಲೆ ತಿಂದಿತ್ತು ನೋಡಿ.

ಕೈಕುಲುಕಿದ ಒಪ್ಪಂದ

1938ರ ಅಕ್ಟೋಬರಿನಲ್ಲಿ ಫರ್ಗ್ಯುಸನ್ ತನ್ನ ಟ್ರ್ಯಾಕ್ಟರನ್ನು ಅಮೆರಿಕಕ್ಕೆ ಒಯ್ದು ಹೆನ್ರಿ ಫೋರ್ಡನ ತೋಟದಲ್ಲೇ ಉತ್ತು ತೋರಿಸಿದ. ಫೋರ್ಡನೂ ರೈತನ ಮಗ. ನೋಡಿದೊಡನೆ ಒಪ್ಪಿದ. ಫೋರ್ಡ್ ತಯಾರಿಸುವುದು, ಫರ್ಗ್ಯುಸನ್ ಮಾರುವುದು ಎಂದು ಇಬ್ಬರೂ ಮಾತಾಡಿ ಕೈಕುಲುಕಿದರು. ಕಾಗದ ಪತ್ರ ಏನೂ ಇಲ್ಲ. 1939ರಲ್ಲಿ ಹೊರಬಂದ ಆ ಟ್ರ್ಯಾಕ್ಟರ್, ಅದರ ಮುಂದಿನ ಮಾದರಿಯೂ ಸೇರಿ, 1947ರ ವೇಳೆಗೆ 3 ಲಕ್ಷಕ್ಕೂ ಮಿಕ್ಕಿ ತಯಾರಾಯಿತು.

ಹಿರಿಯ ಫೋರ್ಡನ ಬಳಿಕ ಆಡಳಿತ ಮೊಮ್ಮಗನ ಕೈಗೆ ಬಂತು. ಆತ ಒಪ್ಪಂದ ಮುರಿದ. 1947ರಲ್ಲಿ ಫೋರ್ಡ್ ಕಂಪನಿ ಅದೇ ಬಗೆಯ ಜೋಡಣೆ ಇರುವ ಹೊಸ ಟ್ರ್ಯಾಕ್ಟರನ್ನು ತಾನೇ ಮಾರತೊಡಗಿತು. ಫರ್ಗ್ಯುಸನ್ 25 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೇಳಿ ದಾವೆ ಹೂಡಿದ. ನಾಲ್ಕು ವರ್ಷ ಕೋರ್ಟು ಅಲೆದ ಮೇಲೆ 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಬಾಯಿಮಾತಿನ ಮೇಲೆ ಜಮೀನು ಗುತ್ತಿಗೆ ಕೊಡುವ ನಮ್ಮ ರೈತರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರ್

ಇತ್ತ ಇಂಗ್ಲೆಂಡಿನ ಕೊವೆಂಟ್ರಿ ನಗರದಲ್ಲಿ ಸ್ಟ್ಯಾಂಡರ್ಡ್ ಮೋಟಾರು ಕಂಪನಿಯ ಕಾರ್ಖಾನೆಯಿಂದ 1946ರಲ್ಲಿ ಫರ್ಗ್ಯುಸನ್‌ನ ಟಿಇ-20 ಟ್ರ್ಯಾಕ್ಟರ್ ಹೊರಬಂತು. ಬೂದು ಬಣ್ಣ, ಸುಮಾರು 1,100 ಕಿಲೋ ತೂಕ, ಮಾದರಿಗೆ ತಕ್ಕಂತೆ 20ರಿಂದ 28 ಅಶ್ವಶಕ್ತಿ. 1956ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದವು. ಎವರೆಸ್ಟ್ ಏರಿದ ಹಿಲರಿಯ ತಂಡ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದ್ದು ಈ ಪುಟ್ಟ ಟ್ರ್ಯಾಕ್ಟರುಗಳಲ್ಲೇ.

ಟ್ರ್ಯಾಕ್ಟರಿನ ಜೊತೆಗೆ ಅದರ ಅಳತೆಗೆ ತಕ್ಕ ಸಲಕರಣೆಗಳನ್ನೂ ಫರ್ಗ್ಯುಸನ್ ಒದಗಿಸಿದ. ಅವುಗಳಲ್ಲಿ ಹುಲ್ಲು ಕೊಯ್ಯುವ ಮೋವರೂ ಒಂದು. ಅದರ ಅಲಗನ್ನು ಆಡಿಸುವ ಕೆಲಸ ನೆಲದ ಚಕ್ರಕ್ಕಿರಲಿಲ್ಲ. ಎಂಜಿನ್ನಿನ ಬಲ ಪಿ.ಟಿ.ಒ. ಷಾಫ್ಟಿನ ಮೂಲಕ ನೇರವಾಗಿ ಅಲಗಿಗೆ ಬರುತ್ತಿತ್ತು. ಪೀಠದಲ್ಲಿ ಕುಳಿತ ಒಬ್ಬನೇ ಎತ್ತಿ ಇಳಿಸಬಹುದಾಗಿತ್ತು. ಅಲಗುಪಟ್ಟಿ ಗೂಟಕ್ಕೋ ಕಲ್ಲಿಗೋ ತಾಗಿದರೆ ಮುರಿಯದೆ ಹಿಂದಕ್ಕೆ ಸರಿಯುವ ಏರ್ಪಾಡಿತ್ತು. ಹಿಂದಿನ ಪೀಠದ ಎರಡನೆಯ ಆಳಿನ ಕೂಲಿ ಉಳಿಯಿತು. ಬಿಸಿಲು ಹೋಗುವ ಮುನ್ನ ಹುಲ್ಲು ನೆಲಕ್ಕೆ ಬಿತ್ತು.

1953ರಲ್ಲಿ ಆತ ತನ್ನ ಕಂಪನಿಯನ್ನು ಕೆನಡಾದ ಮ್ಯಾಸಿ ಹ್ಯಾರಿಸ್ ಕಂಪನಿಯೊಂದಿಗೆ ಸೇರಿಸಿದ. ಬೆಲೆಯಲ್ಲಿ 10 ಲಕ್ಷ ಡಾಲರಿನ ವ್ಯತ್ಯಾಸ ಬಂದಾಗ ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಫರ್ಗ್ಯುಸನ್ ಸೋತ, ಗೊಣಗದೆ ಒಪ್ಪಿದ. ಮರುವರ್ಷ ಕಂಪನಿಯಿಂದ ಹೊರಬಂದು ನಾಲ್ಕೂ ಚಕ್ರಕ್ಕೆ ಬಲ ಕೊಡುವ ಕಾರಿನ ಕೆಲಸಕ್ಕೆ ತೊಡಗಿದ. 1960ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ತನ್ನ ಮನೆಯಲ್ಲಿ ತೀರಿಕೊಂಡ. ಅದೇ 1960ರಲ್ಲಿ ಮದರಾಸಿನಲ್ಲಿ ಟಾಫೆ ಕಂಪನಿ ಹುಟ್ಟಿ, ಮ್ಯಾಸಿ ಫರ್ಗ್ಯುಸನ್ ಹೆಸರಿನ ಟ್ರ್ಯಾಕ್ಟರುಗಳು ನಮ್ಮ ಹೊಲಗಳಿಗೂ ಬಂದವು. 1035 ಎಂಬ ಕೆಂಪು ಟ್ರ್ಯಾಕ್ಟರನ್ನು ನೋಡದ ಹಳ್ಳಿ ನಮ್ಮಲ್ಲಿ ಅಪರೂಪ.

ನಿಮ್ಮ ಯಂತ್ರಕ್ಕೆ ಆತನ ಅಳತೆಗೋಲು

ಈಗ ನಿಮ್ಮ ಮಾತಿಗೆ ಬರೋಣ. ನೇಗಿಲು ಮಣ್ಣನ್ನು ಹಿಡಿದಿರುವುದರಿಂದ ಮೂರು ಕೊಂಡಿಗಳು ಟ್ರ್ಯಾಕ್ಟರನ್ನು ಕಾಯುತ್ತವೆ. ಮೋವರ್ ಮಣ್ಣನ್ನು ಹಿಡಿಯುವುದಿಲ್ಲ. ಅದು ಹಿಂದೆ ತೂಗುವ ಭಾರ ಮಾತ್ರ. ಆದ್ದರಿಂದ ನೇಗಿಲಿನಲ್ಲಿ ತಾನಾಗಿ ಸಿಗುವ ರಕ್ಷಣೆ ಮೋವರಿನಲ್ಲಿ ಸಿಗದು. ಅಲ್ಲಿ ನಿಮ್ಮ ಲೆಕ್ಕವೇ ನಿಮ್ಮನ್ನು ಕಾಯಬೇಕು.

ಮೊದಲು ತೂಕ. ಮೋವರನ್ನು ಪೂರ್ತಿ ಮೇಲೆತ್ತಿದಾಗ ಟ್ರ್ಯಾಕ್ಟರಿನ ತೂಕದ ಐದನೇ ಒಂದು ಪಾಲಾದರೂ ಮುಂದಿನ ಚಕ್ರಗಳ ಮೇಲೆ ಉಳಿಯಬೇಕು. 1,100 ಕಿಲೋ ಟ್ರ್ಯಾಕ್ಟರಾದರೆ 220 ಕಿಲೋ. ಮುಂದಿನ ಚಕ್ರ ಹಗುರಾದರೆ ಸ್ಟೀರಿಂಗ್ ಕೇಳುವುದಿಲ್ಲ. ಬದುವನ್ನೋ ಇಳಿಜಾರನ್ನೋ ಏರುವಾಗ ಮೊಗಚುವ ಭಯ. ಅಲಗುಪಟ್ಟಿಯ ಮೋವರ್ ಹಗುರ. ಡ್ರಮ್ ಮತ್ತು ಡಿಸ್ಕ್ ಮೋವರುಗಳು ಭಾರ, ಅದೂ ಒಂದೇ ಪಕ್ಕಕ್ಕೆ ತೂಗುವ ಭಾರ. ಅಂಥದ್ದನ್ನು ಸಣ್ಣ ಟ್ರ್ಯಾಕ್ಟರಿಗೆ ಕಟ್ಟಲೇಬೇಕಾದರೆ ಮುಂದೆ ತೂಕದ ಗಟ್ಟಿಗಳನ್ನು ಹಾಕಿಸಿ.

ಎರಡನೆಯದು ಶಕ್ತಿ. 5 ಅಡಿ ಅಗಲದ ಅಲಗುಪಟ್ಟಿ ಆಡಿಸಲು ಎರಡೂವರೆ ಅಶ್ವಶಕ್ತಿಯಷ್ಟಾದರೆ ಸಾಕು. ಅಷ್ಟೇ ಅಗಲದ ಡಿಸ್ಕ್ ಮೋವರಿಗೆ 10 ಅಶ್ವಶಕ್ತಿ ಹಿಡಿಯುತ್ತದೆ. ಟ್ರ್ಯಾಕ್ಟರ್ ಮುಂದೆ ನಡೆಯಲು ಬೇಕಾದ ಬಲ ಇದಕ್ಕೆ ಹೊರತು. ಹಳೆಯ ಎಂಜಿನ್ನಿಗೆ ಹೊಸದರ ಕಸುವಿರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಡಿಸ್ಕ್ ಮೋವರ್ ಒತ್ತಾದ, ಮಲಗಿದ ಹುಲ್ಲನ್ನೂ ಕೊಯ್ಯುತ್ತದೆ ನಿಜ. ಅಲಗುಪಟ್ಟಿಗೆ ಆಗಾಗ ಸಾಣೆ ಬೇಕು, ಹುಲ್ಲು ಸಿಕ್ಕಿಕೊಳ್ಳುವುದೂ ಉಂಟು. ಆದರೂ 25 ಅಶ್ವಶಕ್ತಿಯ ಹಳೆಯ ಟ್ರ್ಯಾಕ್ಟರಿಗೆ ಅಲಗುಪಟ್ಟಿಯೇ ಸರಿ ಜೋಡಿ.

ಮೂರನೆಯದು ಪಿ.ಟಿ.ಒ. ಷಾಫ್ಟು. ಟಿಇ-20 ಹಾಗೂ ಅದರ ಕಾಲದ ಸಣ್ಣ ಟ್ರ್ಯಾಕ್ಟರುಗಳ ಷಾಫ್ಟ್ 1⅛ ಇಂಚು. ನಂತರ ಬಂದವುಗಳದು 1⅜ ಇಂಚು. ಕೊಳ್ಳುವ ಮುನ್ನ ಅಳೆದು ನೋಡಿ. ಮೋವರ್ ನಿಮಿಷಕ್ಕೆ 540 ಸುತ್ತಿನದೇ ಎಂದು ಕೇಳಿ ತಿಳಿಯಿರಿ. 1,000 ಸುತ್ತಿನದು ಈ ಟ್ರ್ಯಾಕ್ಟರುಗಳಿಗಲ್ಲ. ಕೊಂಡಿಯ ಪಿನ್ನುಗಳನ್ನೂ ನೋಡಿ. ಸಣ್ಣ ಟ್ರ್ಯಾಕ್ಟರಿನ ಕೆಳತೋಳಿಗೆ 22 ಮಿ.ಮೀ. ಪಿನ್ನು, ದೊಡ್ಡವಕ್ಕೆ 28 ಮಿ.ಮೀ.

ನಾಲ್ಕನೆಯದು ಕ್ಲಚ್ಚು. ಹಳೆಯ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಒತ್ತಿದರೆ ಚಕ್ರವೂ ಪಿ.ಟಿ.ಒ.ನೂ ಒಟ್ಟಿಗೆ ಬಲ ಕಳೆದುಕೊಳ್ಳುತ್ತವೆ. ಅಲಗುಪಟ್ಟಿಯಾದರೆ ಬೇಗ ನಿಲ್ಲುತ್ತದೆ. ಆದರೆ ರೋಟರಿ ಸ್ಲಾಶರಿನ ಭಾರವಾದ ಅಲಗು ತಿರುಗುತ್ತಲೇ ಇದ್ದು, ಆ ರಭಸ ಷಾಫ್ಟಿನ ಮೂಲಕ ವಾಪಸು ಬಂದು ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತದೆ. ಕ್ಲಚ್ ಒತ್ತಿದ್ದರೂ ಟ್ರ್ಯಾಕ್ಟರ್ ಬೇಲಿಗೆ ನುಗ್ಗುತ್ತದೆ. ಇದಕ್ಕೆ ಪರಿಹಾರ ಷಾಫ್ಟಿಗೆ ಹಾಕುವ ಓವರ್‌ರನ್ನಿಂಗ್ ಕ್ಲಚ್. ನಿಮ್ಮ ಸೈಕಲ್ಲಿನ ಫ್ರೀವೀಲ್ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಇದಿಲ್ಲದೆ ಹಳೆಯ ಟ್ರ್ಯಾಕ್ಟರಿಗೆ ತಿರುಗು ಅಲಗಿನ ಯಂತ್ರ ಕಟ್ಟಲೇಬೇಡಿ.

ಐದನೆಯದು ಲಿಫ್ಟು. ಟಿಇ-20ರಲ್ಲಿ ಎಣ್ಣೆಯ ಪಂಪು ನಡೆಯುವುದು ಪಿ.ಟಿ.ಒ.ನ ಬಲದಿಂದಲೇ. ಪಿ.ಟಿ.ಒ. ಹಾಕದೆ ಮೋವರ್ ಮೇಲೇಳದು. ಅಂದರೆ ಹೊಲದ ತುದಿಯಲ್ಲಿ ಎತ್ತುವಾಗಲೂ ಅಲಗು ಆಡುತ್ತಿರುತ್ತದೆ. ಆಗ ಪಕ್ಕದಲ್ಲಿ ಮಕ್ಕಳಾಗಲಿ ದನಗಳಾಗಲಿ ಇರಕೂಡದು. ಅದರಲ್ಲಿ ಸಲಕರಣೆಯನ್ನು ಒಂದೇ ಎತ್ತರದಲ್ಲಿ ಹಿಡಿದು ನಿಲ್ಲಿಸುವ ಏರ್ಪಾಡೂ ಇಲ್ಲ. ಅಂಥ ಟ್ರ್ಯಾಕ್ಟರಿಗೆ ತನ್ನದೇ ಪಾದದ ಮೇಲೆ ನೆಲಕ್ಕೆ ಊರಿ ಸಾಗುವ ಮೋವರೇ ಆಗಬೇಕು.

ಕೊನೆಗೆ ಎರಡು ಎಚ್ಚರ. ಅಲಗಿಗೆ ಹುಲ್ಲು ಸಿಕ್ಕಿದರೆ ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡ ಮೇಲೆಯೇ ಕೈ ಹಾಕಿ. ಷಾಫ್ಟಿನ ಮೇಲಿನ ಕವಚವನ್ನು ಕಿತ್ತೆಸೆಯಬೇಡಿ. ಪಂಚೆಯ ತುದಿ, ಟವೆಲಿನ ಅಂಚು ಸಿಕ್ಕರೆ ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಇನ್ನು, ಮೇಲಿನ ಕೊಂಡಿಯ ಜಾಗಕ್ಕೆ ಸರಪಳಿ ಕಟ್ಟಿ ಮರದ ಬೊಡ್ಡೆ ಎಳೆಯುವ ಚಾಳಿ ಕೆಲವರಿಗಿದೆ. ನೂರು ವರ್ಷದ ಹಿಂದೆ ಫೋರ್ಡ್‌ಸನ್ ಮೊಗಚಿದಂತೆಯೇ ಇದೂ ಮೊಗಚುತ್ತದೆ. ಯಾವುದನ್ನೇ ಎಳೆಯುವುದಿದ್ದರೂ ತಗ್ಗಿನಲ್ಲಿರುವ ಎಳೆಪಟ್ಟಿಗೆ ಕಟ್ಟಿ.

ಹೊಲದ ದುಡಿಮೆ ಒಲ್ಲೆನೆಂದು ಊರು ಬಿಟ್ಟ ಹುಡುಗ, ಜಗತ್ತಿನ ರೈತರ ಬೆನ್ನಿನ ಭಾರ ಇಳಿಸಿದ. ಭಾರೀ ಯಂತ್ರವೇ ಬೇಕೆಂದು ಎಲ್ಲರೂ ನಂಬಿದ್ದಾಗ, ಜೋಡಣೆ ಸರಿಯಿದ್ದರೆ ಸಣ್ಣದೂ ದುಡಿಯುತ್ತದೆಂದು ಆತ ತೋರಿಸಿಕೊಟ್ಟ. ಮೋವರ್ ಕೊಳ್ಳಲು ಪೇಟೆಗೆ ಹೊರಡುವ ಮುನ್ನ ನೀವೂ ಒಂದು ಗಳಿಗೆ ನಿಮ್ಮ ಟ್ರ್ಯಾಕ್ಟರಿನ ಹಿಂದೆ ಕುಳಿತು ಷಾಫ್ಟು, ಪಿನ್ನು, ತೋಳು ಇವುಗಳ ಅಳತೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸಿದ ಕೈಗೆ ಇದೇನೂ ಹೊಸ ಕೆಲಸವಲ್ಲ.